ಬಯಾಲಜಿ ಓದಲು ಹೋದವಳಿಗೆ ಟೆಕ್ಸಸ್ ಸರ್ಕಾರದ ಪಾಠ ಯಾಕೆ?

ಪ್ರಶ್ನೆ: ನಮ್ಮ ಮಗಳು ಟೆಕ್ಸಸ್‌ನ ಒಂದು ಸರ್ಕಾರಿ ಯೂನಿವರ್ಸಿಟಿಯಲ್ಲಿ ಬಯಾಲಜಿ ಬಿಎಸ್‌ಗೆ ಸೇರಿದ್ದಾಳೆ. ಎಫ್-1 ಅನ್ನೋ ವಿದ್ಯಾರ್ಥಿ ವೀಸಾದಲ್ಲಿದ್ದಾಳೆ. ಓರಿಯೆಂಟೇಷನ್‌ನಲ್ಲಿ ಕೋರ್ ಕರಿಕ್ಯುಲಂ, ಅಂದರೆ ಎಲ್ಲರೂ ಓದಲೇಬೇಕಾದ ಪಾಠಗಳು, ಅಂತ 42 ಕ್ರೆಡಿಟ್‌ಗಳ ಪಟ್ಟಿ ಕೈಗೆ ಕೊಟ್ಟಿದ್ದಾರೆ. ಅಮೆರಿಕದ ಇತಿಹಾಸ, ಟೆಕ್ಸಸ್ ಸರ್ಕಾರ, ಕಲೆ, ಫಿಲಾಸಫಿ ಎಲ್ಲ ಅದರಲ್ಲಿದೆ. ಡಾಲರ್ ಕೊಟ್ಟು ಇದನ್ನೆಲ್ಲ ಯಾಕೆ ಓದಬೇಕು? ಹನ್ನೆರಡನೇ ಕ್ಲಾಸಿನ ಅಂಕ ತೋರಿಸಿ ಬಿಡಿಸಿಕೊಳ್ಳಬಹುದಾ? ಅವಳ ಸೀನಿಯರ್‌ಗಳು ಮೊದಲ ಎರಡು ವರ್ಷದಲ್ಲಿ ಇದನ್ನೆಲ್ಲ ಮುಗಿಸಿಬಿಡು ಅನ್ನುತ್ತಾರೆ. ಎರಡು ವರ್ಷದ ಕಮ್ಯೂನಿಟಿ ಕಾಲೇಜಿನಲ್ಲಿ ಮಾಡಿದರೆ ಅಗ್ಗ ಅಂತಲೂ ಹೇಳುತ್ತಾರೆ. ಮುಂದೆ ಮೆಡಿಕಲ್ ಅಥವಾ ರಿಸರ್ಚ್ ಅನ್ನೋ ಆಸೆ ಅವಳಿಗಿದೆ. ಏನು ಮಾಡೋದು?

ಉತ್ತರ: ಮೊದಲು ಸೀನಿಯರ್‌ಗಳ ಸಲಹೆ ವಿಚಾರ. ಉಳಿದದ್ದು ಆಮೇಲೆ ನೋಡೋಣ. ಈ ಸಲಹೆ ಪ್ರತಿ ಕ್ಯಾಂಪಸ್‌ನಲ್ಲೂ ಓಡಾಡುತ್ತದೆ. ಕೇಳೋಕೆ ಚೆನ್ನಾಗಿರುತ್ತದೆ. ಇಷ್ಟವಿಲ್ಲದ್ದನ್ನು ಮೊದಲು ಮುಗಿಸು, ಇಷ್ಟದ್ದನ್ನು ನೆಮ್ಮದಿಯಾಗಿ ಓದು ಅಂತ. ಆರ್ಟ್ಸ್ ವಿದ್ಯಾರ್ಥಿಗೆ ಇದು ನಡೆಯಬಹುದು. ಸೈನ್ಸ್ ವಿದ್ಯಾರ್ಥಿ ಇದನ್ನು ನಂಬಿದರೆ ಡಿಗ್ರಿ ನಾಲ್ಕು ವರ್ಷದಲ್ಲಿ ಮುಗಿಯೋದೇ ಕಷ್ಟ.

ಯಾಕೆ ಅಂದರೆ, ಬಯಾಲಜಿ ಡಿಗ್ರಿಯ ಗಡಿಯಾರ ಇರೋದು ಕೆಮಿಸ್ಟ್ರಿಯ ಕೈಯಲ್ಲಿ. ಜನರಲ್ ಕೆಮಿಸ್ಟ್ರಿ ಒಂದು ಪಾಸಾಗದೆ ಎರಡಕ್ಕೆ ಬಿಡುವುದಿಲ್ಲ. ಎರಡು ಆಗದೆ ಆರ್ಗ್ಯಾನಿಕ್ ಒಂದು ಇಲ್ಲ. ಅದಾದ ಮೇಲೆ ಆರ್ಗ್ಯಾನಿಕ್ ಎರಡು, ಆಮೇಲೆ ಬಯೋಕೆಮಿಸ್ಟ್ರಿ. ಐದು ಕೋರ್ಸ್, ಒಂದರ ಹಿಂದೆ ಒಂದು, ಐದು ಸೆಮಿಸ್ಟರ್. ಮೊದಲ ಸೆಮಿಸ್ಟರ್‌ನಲ್ಲೇ ಶುರು ಮಾಡಿದರೆ ಬಯೋಕೆಮಿಸ್ಟ್ರಿ ಐದನೇ ಸೆಮಿಸ್ಟರ್‌ಗೆ ಬರುತ್ತದೆ. ಮೊದಲ ವರ್ಷ ಹಿಸ್ಟರಿ, ಸಂಗೀತ, ಗವರ್ನಮೆಂಟ್ ಅಂತ ಕಳೆದು ಎರಡನೇ ವರ್ಷ ಶುರು ಮಾಡಿದರೆ ಏಳನೇ ಸೆಮಿಸ್ಟರ್‌ಗೆ ಬರುತ್ತದೆ. ಮಧ್ಯದಲ್ಲಿ ಯಾವುದೋ ಒಂದರಲ್ಲಿ ಸಿ ಗ್ರೇಡ್ ಸಿಗಲಿಲ್ಲ, ಮತ್ತೆ ಓದಬೇಕಾಯಿತು ಅಂದುಕೊಳ್ಳಿ. ಆಗ ಎಂಟನೇ ಸೆಮಿಸ್ಟರ್. ಬಯೋಕೆಮಿಸ್ಟ್ರಿ ಆದ ಮೇಲಷ್ಟೇ ತೆಗೆದುಕೊಳ್ಳಬಹುದಾದ ಮೇಲ್ಮಟ್ಟದ ಕೋರ್ಸ್ ಒಂದಿದ್ದರೂ ಐದನೇ ವರ್ಷದ ಫೀಸು ಖಂಡಿತ. ಕೆಲವು ಮೇಲ್ಮಟ್ಟದ ಕೋರ್ಸ್‌ಗಳು ವರ್ಷಕ್ಕೆ ಒಂದೇ ಸಲ, ಫಾಲ್‌ನಲ್ಲಿ (ಆಗಸ್ಟ್-ಡಿಸೆಂಬರ್ ಸೆಮಿಸ್ಟರ್) ಮಾತ್ರ ಇರುತ್ತವೆ. ಅದನ್ನು ತಪ್ಪಿಸಿಕೊಂಡರೆ ಒಂದು ಸೆಮಿಸ್ಟರ್ ಅಲ್ಲ, ಪೂರ್ತಿ ವರ್ಷವೇ ಕಾಯಬೇಕು.

ಹಿಸ್ಟರಿಗೆ ಈ ಕಾಟ ಇಲ್ಲ. ಪ್ರತಿ ಸೆಮಿಸ್ಟರ್ ಹತ್ತಾರು ಸೆಕ್ಷನ್ ತೆರೆದಿರುತ್ತವೆ. ಮೊದಲ ಭಾಗ ಓದಿಯೇ ಎರಡನೇ ಭಾಗಕ್ಕೆ ಹೋಗಬೇಕು ಅಂತ ಸಾಮಾನ್ಯವಾಗಿ ಇರುವುದಿಲ್ಲ. ಮೊದಲ ವರ್ಷವಾದರೂ ಸರಿ, ನಾಲ್ಕನೇ ವರ್ಷವಾದರೂ ಸರಿ, ಅದು ಅಲ್ಲೇ ಇರುತ್ತದೆ. ಹಾಗಾಗಿ ಕೆಮಿಸ್ಟ್ರಿ, ಗಣಿತ, ಬಯಾಲಜಿಯನ್ನು ಮೊದಲು ಟೈಮ್‌ಟೇಬಲ್‌ನಲ್ಲಿ ಕೂರಿಸಬೇಕು. ಉಳಿದ ಜಾಗಕ್ಕೆ ಕೋರ್ ಕೋರ್ಸ್‌ಗಳನ್ನು ತುಂಬಬೇಕು.

ಇನ್ನೊಂದು ಲೆಕ್ಕವೂ ಇದೆ. ಕೋರ್ ಎಲ್ಲ ಮೊದಲೇ ಖಾಲಿಯಾದರೆ ಕೊನೆಯ ನಾಲ್ಕು ಸೆಮಿಸ್ಟರ್‌ನಲ್ಲಿ ಏನು ಉಳಿಯುತ್ತದೆ? ಆರ್ಗ್ಯಾನಿಕ್, ಫಿಸಿಕ್ಸ್, ಜೆನೆಟಿಕ್ಸ್, ಸೆಲ್ ಬಯಾಲಜಿ, ಬಯೋಕೆಮಿಸ್ಟ್ರಿ. ಒಂದೊಂದಕ್ಕೂ ಲ್ಯಾಬ್, ಒಂದೊಂದು ಲ್ಯಾಬ್‌ಗೂ ರಿಪೋರ್ಟ್. ಒಂದೇ ಸೆಮಿಸ್ಟರ್‌ನಲ್ಲಿ ಮೂರು ಲ್ಯಾಬ್ ಕೋರ್ಸ್ ಹೊತ್ತವರು ವಾರವಿಡೀ ಲ್ಯಾಬಿನಲ್ಲೇ ಇರುತ್ತಾರೆ. ಅಂಥ ಕಡೆ ಒಂದು ಸೈಕಾಲಜಿ, ಒಂದು ಹಿಸ್ಟರಿ ಇದ್ದರೆ ಉಸಿರಾಡೋಕೆ ಜಾಗ ಸಿಗುತ್ತದೆ. ಅವನ್ನು ಮೊದಲೇ ಖರ್ಚು ಮಾಡಿ ಕೂತರೆ ಆ ಜಾಗ ಹೋಯಿತು.

ಸೀನಿಯರ್‌ಗಳ ಸಲಹೆ ಎರಡು ಸಂದರ್ಭದಲ್ಲಿ ಸರಿ. ಮಗಳಿಗೆ ಯಾವ ಮೇಜರ್ (ಡಿಗ್ರಿಯ ಮುಖ್ಯ ವಿಷಯ) ಅಂತ ಇನ್ನೂ ಖಚಿತ ಇಲ್ಲದಿದ್ದರೆ, ಅಥವಾ ಬೇರೆ ಯೂನಿವರ್ಸಿಟಿಗೆ ಟ್ರಾನ್ಸ್‌ಫರ್ ಆಗುವ ಯೋಚನೆ ಇದ್ದರೆ. ಟೆಕ್ಸಸ್‌ನ ಒಂದು ಸರ್ಕಾರಿ ಕಾಲೇಜಿನಲ್ಲಿ 42 ಕ್ರೆಡಿಟ್‌ನ ಕೋರ್ ಪೂರ್ತಿ ಮುಗಿಸಿದವರಿಗೆ, ಇನ್ನೊಂದು ಸರ್ಕಾರಿ ಕಾಲೇಜು ಮತ್ತೆ ಕೋರ್ ಓದು ಅನ್ನುವ ಹಾಗಿಲ್ಲ. ಪೂರ್ತಿ ಕಟ್ಟು ಕಟ್ಟಾಗಿ ಒಪ್ಪಿಕೊಳ್ಳಬೇಕು. ನೀವು ಅವೆರಡರಲ್ಲಿ ಯಾವುದನ್ನೂ ಬರೆದಿಲ್ಲ.

ಈಗ 42ರ ಒಳಗೆ ಏನಿದೆ ನೋಡಿ. ಕ್ರೆಡಿಟ್ ಅಂದರೆ ಕೋರ್ಸ್‌ನ ತೂಕದ ಅಳತೆ, ಒಂದು ಕೋರ್ಸ್‌ಗೆ ಸಾಮಾನ್ಯವಾಗಿ 3. ಬರವಣಿಗೆ ಮತ್ತು ಮಾತುಗಾರಿಕೆ 6, ಗಣಿತ 3, ಜೀವ ಮತ್ತು ಭೌತ ವಿಜ್ಞಾನ 6, ಭಾಷೆ-ಫಿಲಾಸಫಿ-ಸಂಸ್ಕೃತಿ 3, ಕಲೆ 3, ಅಮೆರಿಕದ ಇತಿಹಾಸ 6, ಸರ್ಕಾರ ಮತ್ತು ರಾಜ್ಯಶಾಸ್ತ್ರ 6, ಸಮಾಜ ವಿಜ್ಞಾನ 3, ಕಾಲೇಜು ತಾನೇ ನಿರ್ಧರಿಸುವ ಆಯ್ಕೆಯ ಭಾಗ 6. ಕೂಡಿಸಿದರೆ 42.

ಇದರಲ್ಲಿ ಗಣಿತದ 3 ಮತ್ತು ವಿಜ್ಞಾನದ 6 ನಿಮ್ಮ ಮಗಳು ಹೇಗೂ ಓದಲೇಬೇಕಾದ ಕೋರ್ಸ್‌ಗಳು. ಬಯಾಲಜಿ ಮೇಜರ್‌ಗೆ ಬೇಕಾದ ಕ್ಯಾಲ್ಕುಲಸ್ ಅಥವಾ ಸ್ಟ್ಯಾಟಿಸ್ಟಿಕ್ಸ್ ಕೋರ್‌ಗೂ ಲೆಕ್ಕಕ್ಕೆ ಬರುತ್ತದೆ. ಕೆಮಿಸ್ಟ್ರಿಯೂ ಬರುತ್ತದೆ. ಅಲ್ಲಿಗೆ 9 ಹೋಯಿತು, ಉಳಿದದ್ದು 33. ಅಂದರೆ ಹನ್ನೊಂದು ಕೋರ್ಸ್. ಕೆಲವು ಕಾಲೇಜುಗಳಲ್ಲಿ ಆಯ್ಕೆಯ 6ರೊಳಗೆ ಲ್ಯಾಬ್ ಕ್ರೆಡಿಟ್ ಅಥವಾ ಇನ್ನೊಂದು ಗಣಿತ ಕೋರ್ಸನ್ನು ಸೇರಿಸಿಕೊಳ್ಳುತ್ತಾರೆ. ಹಾಗಿದ್ದರೆ ಇನ್ನೂ ಕಡಿಮೆ. ಎಂಟು ಸೆಮಿಸ್ಟರ್‌ಗೆ ಹಂಚಿದರೆ ಒಂದು ಸೆಮಿಸ್ಟರ್‌ಗೆ ಒಂದೋ ಎರಡೋ. ಪಟ್ಟಿ ನೋಡಿದಾಗ ಆದ ಗಾಬರಿಗೆ ಕಾರಣ ಇಲ್ಲ.

ಇಲ್ಲಿ ಒಂದು ಎಚ್ಚರಿಕೆ. ಸೈನ್ಸ್ ಓದದವರಿಗಾಗಿಯೇ ಮಾಡಿದ ಸೈನ್ಸ್ ಕೋರ್ಸ್‌ಗಳು ಇರುತ್ತವೆ. ಅವು ಕೋರ್‌ಗೆ ಲೆಕ್ಕಕ್ಕೆ ಬರುತ್ತವೆ, ಮೇಜರ್‌ಗೆ ಬರುವುದಿಲ್ಲ. ಗಣಿತದಲ್ಲೂ ಹೀಗೆ ಸುಲಭದ ಕೋರ್ಸ್ ಒಂದಿರುತ್ತದೆ. ಸುಲಭ ಅಂತ ಅದಕ್ಕೆ ಹೋದರೆ ಮೂರು ಕ್ರೆಡಿಟ್‌ನ ಫೀಸು ಸುಮ್ನೆ ಹೋಯಿತು, ಮುಂದಿನ ಸೆಮಿಸ್ಟರ್ ಮತ್ತೆ ಅಸಲಿ ಕೋರ್ಸ್ ಓದಬೇಕು. ಹೆಸರು ಒಂದೇ ತರ ಇರುತ್ತದೆ, ನಂಬರ್ ಬೇರೆ. ನಂಬರ್ ನೋಡಿಯೇ ರಿಜಿಸ್ಟರ್ ಆಗಬೇಕು.

ನಂಬರ್ ಓದೋದು ಕಷ್ಟ ಏನಿಲ್ಲ. ಟೆಕ್ಸಸ್‌ನ ಕಮ್ಯೂನಿಟಿ ಕಾಲೇಜುಗಳೆಲ್ಲ ಒಂದೇ ಪದ್ಧತಿ ಬಳಸುತ್ತವೆ. ಮೊದಲ ಅಂಕಿ ಎಷ್ಟನೇ ವರ್ಷದ ಮಟ್ಟ ಅನ್ನೋದು, ಎರಡನೇ ಅಂಕಿ ಎಷ್ಟು ಕ್ರೆಡಿಟ್ ಅನ್ನೋದು. ಹಿಸ್ಟರಿ 1301 ಅಂದರೆ ಮೊದಲ ವರ್ಷದ ಮಟ್ಟ, 3 ಕ್ರೆಡಿಟ್. ಗವರ್ನಮೆಂಟ್ 2305 ಅಂದರೆ ಎರಡನೇ ವರ್ಷದ ಮಟ್ಟ, ಅದೂ 3 ಕ್ರೆಡಿಟ್. ಬಯಾಲಜಿ 1406 ಅಂದರೆ ಲ್ಯಾಬ್ ಸೇರಿ 4. ದೊಡ್ಡ ಯೂನಿವರ್ಸಿಟಿಗಳು ತಮ್ಮದೇ ನಂಬರ್ ಇಟ್ಟುಕೊಂಡಿರಬಹುದು. ಆಗ ಕ್ಯಾಟಲಾಗ್‌ನಲ್ಲಿ, ಅಂದರೆ ಕೋರ್ಸ್ ಮತ್ತು ನಿಯಮಗಳ ಪುಸ್ತಕದಲ್ಲಿ, ಸಮಾನ ಕೋರ್ಸ್ ಯಾವುದು ಅಂತ ಕೊಟ್ಟಿರುತ್ತಾರೆ.

ಇನ್ನು ನಿಮ್ಮ ಮೊದಲ ಪ್ರಶ್ನೆ, ಯಾಕೆ ಓದಬೇಕು ಅನ್ನೋದು. ನೇರವಾದ ಉತ್ತರ: ಕಾನೂನು. ಟೆಕ್ಸಸ್‌ನ ಸರ್ಕಾರಿ ಕಾಲೇಜಿನಲ್ಲಿ ಯಾವ ಡಿಗ್ರಿ ಮಾಡಿದರೂ 6 ಕ್ರೆಡಿಟ್ ಅಮೆರಿಕದ ಇತಿಹಾಸ, 6 ಕ್ರೆಡಿಟ್ ಸರ್ಕಾರದ ಪಾಠ ಬೇಕು ಅಂತ ರಾಜ್ಯದ ಶಿಕ್ಷಣ ಕಾಯ್ದೆಯಲ್ಲೇ ಇದೆ. ಇತಿಹಾಸದ ಅರ್ಧವನ್ನು ಬೇಕಾದರೆ ಟೆಕ್ಸಸ್ ಇತಿಹಾಸವಾಗಿ ಓದಬಹುದು. ಸರ್ಕಾರದ ಪಾಠದಲ್ಲಿ ಅಮೆರಿಕದ ಸಂವಿಧಾನದ ಜೊತೆ ರಾಜ್ಯದ ಸಂವಿಧಾನವೂ ಬರಬೇಕು. ವಿದೇಶಿ ವಿದ್ಯಾರ್ಥಿ ಅಂತ ವಿನಾಯಿತಿ ಇಲ್ಲ. ಇದರ ಮೇಲೆ ಮಾನ್ಯತೆ ಕೊಡುವ ಸಂಸ್ಥೆಯ ನಿಯಮವೂ ಇದೆ. ಟೆಕ್ಸಸ್‌ನ ಹೆಚ್ಚಿನ ಕಾಲೇಜುಗಳಿಗೆ ಮಾನ್ಯತೆ ಕೊಡುವ ದಕ್ಷಿಣ ಭಾಗದ ಆಯೋಗ, ಬ್ಯಾಚುಲರ್ಸ್ ಡಿಗ್ರಿಯಲ್ಲಿ ಕನಿಷ್ಠ 30 ಕ್ರೆಡಿಟ್ ಸಾಮಾನ್ಯ ಶಿಕ್ಷಣ ಇರಲೇಬೇಕು ಅನ್ನುತ್ತದೆ. ಅದರಲ್ಲಿ ಹ್ಯುಮಾನಿಟೀಸ್ (ಸಾಹಿತ್ಯ, ಫಿಲಾಸಫಿಯಂಥವು) ಅಥವಾ ಕಲೆಯದ್ದು ಒಂದು, ಸಮಾಜ ವಿಜ್ಞಾನದ್ದು ಒಂದು, ವಿಜ್ಞಾನ ಅಥವಾ ಗಣಿತದ್ದು ಒಂದು ಕೋರ್ಸ್ ಆದರೂ ಬೇಕು. ಹಾಗಾಗಿ ಬೇರೆ ಕಾಲೇಜಿಗೆ ಹೋದರೂ ಇದು ಬೆನ್ನು ಬಿಡುವುದಿಲ್ಲ. ಫ್ಲೋರಿಡಾದಲ್ಲಿ 36 ಕ್ರೆಡಿಟ್. ಎಂಐಟಿಯಂಥ ಕಡೆಯೂ ಬಹುಕಾಲದಿಂದ ಎಲ್ಲರಿಗೂ ಎಂಟು ಹ್ಯುಮಾನಿಟೀಸ್, ಕಲೆ, ಸಮಾಜ ವಿಜ್ಞಾನದ ವಿಷಯ ಕಡ್ಡಾಯ. ಜೊತೆಗೆ ಈಜು ಪರೀಕ್ಷೆ ಬೇರೆ! ಏನೂ ಹೇರದ ಕಾಲೇಜು ಅಂದರೆ ಬ್ರೌನ್. ಅಲ್ಲಿ 1969ರಿಂದ ಈ ತರದ ಕೋರ್ ಇಲ್ಲ, ಬರವಣಿಗೆಯ ಷರತ್ತು ಮಾತ್ರ ಇದೆ. ಅದು ಅಪರೂಪ.

ಈ ಪದ್ಧತಿಗೆ ಹಳೆಯ ಜಗಳವೊಂದರ ಹಿನ್ನೆಲೆ ಇದೆ. 1869ರಲ್ಲಿ ಹಾರ್ವರ್ಡ್‌ನ ಅಧ್ಯಕ್ಷರಾದ ಚಾರ್ಲ್ಸ್ ಎಲಿಯಟ್ ವಿದ್ಯಾರ್ಥಿಗಳು ತಮಗೆ ಬೇಕಾದ್ದನ್ನು ಆರಿಸಿಕೊಳ್ಳಲಿ ಅಂತ ಬಾಗಿಲು ತೆರೆದರು. ಆ ಸ್ವಾತಂತ್ರ್ಯ ಅತಿಯಾಯಿತು ಅಂತ ಆಮೇಲೆ ಬೇರೆಯವರಿಗೆ ಅನ್ನಿಸಿತು. ಕೊಲಂಬಿಯಾ 1919ರಲ್ಲಿ, ಮೊದಲ ಮಹಾಯುದ್ಧ ಮುಗಿದ ಹೊತ್ತಿಗೆ, ಎಲ್ಲರೂ ಓದಲೇಬೇಕಾದ ಸಮಕಾಲೀನ ನಾಗರಿಕತೆಯ ಕೋರ್ಸ್ ಶುರು ಮಾಡಿತು. 1945ರಲ್ಲಿ ಹಾರ್ವರ್ಡ್ ಕೂಡ ಸಾಮಾನ್ಯ ಶಿಕ್ಷಣದ ಪರವಾಗಿ ದೊಡ್ಡ ವರದಿ ತಂದಿತು. ಇವತ್ತಿನ ಪಟ್ಟಿಗಳು ಆ ಎಳೆದಾಟದ ಫಲ. ಅರ್ಧ ಶಿಕ್ಷಣದ ಆದರ್ಶ, ಅರ್ಧ ರಾಜಕೀಯ. ಟೆಕ್ಸಸ್‌ನಲ್ಲಿ ರಾಜಕೀಯದ ಪಾಲು ಸ್ವಲ್ಪ ಜಾಸ್ತಿ ಅಂತ ನನ್ನ ಅನಿಸಿಕೆ. 2025ರ ಸೆನೆಟ್ ಬಿಲ್ 37 ಕೋರ್ ಪಟ್ಟಿಯನ್ನು ಪರಿಶೀಲಿಸುವ ಕೆಲಸವನ್ನು ಯೂನಿವರ್ಸಿಟಿಗಳ ಆಡಳಿತ ಮಂಡಳಿಗಳಿಗೆ ವಹಿಸಿದೆ. ಆದ್ದರಿಂದ ಪಟ್ಟಿಯಲ್ಲಿರುವ ಕೋರ್ಸ್‌ಗಳು ಬದಲಾಗುತ್ತಿರಬಹುದು. ಮಗಳು ಯಾವ ವರ್ಷದ ಕ್ಯಾಟಲಾಗ್‌ಗೆ ಸೇರಿದವಳು ಅಂತ ತಿಳಿದುಕೊಂಡಿರಲಿ. ಸಾಮಾನ್ಯವಾಗಿ ಸೇರಿದ ವರ್ಷದ ನಿಯಮವೇ ಅವಳಿಗೆ ಅನ್ವಯ. ಸೀನಿಯರ್ ಹೇಳಿದ ಕೋರ್ಸ್ ಈಗ ಪಟ್ಟಿಯಲ್ಲಿ ಇಲ್ಲದೇ ಇರಬಹುದು.

ಓದಲೇಬೇಕು ಅಂದ ಮೇಲೆ, ಯಾವುದನ್ನು ಆರಿಸಿದರೆ ಲಾಭ ಅನ್ನೋದು ಮುಖ್ಯ.

ನನ್ನ ಪ್ರಕಾರ ಇಡೀ ಪಟ್ಟಿಯಲ್ಲಿ ಸೈನ್ಸ್ ವಿದ್ಯಾರ್ಥಿಗೆ ಅತಿ ಹೆಚ್ಚು ಉಪಯೋಗ ಆಗೋದು ಇಂಗ್ಲಿಷ್ ಕಾಂಪೊಸಿಷನ್. ವಿಚಿತ್ರ ಅಂದರೆ ನಮ್ಮ ಮಕ್ಕಳು ಅತಿ ಹಗುರವಾಗಿ ತೆಗೆದುಕೊಳ್ಳೋದೂ ಅದನ್ನೇ. ಇಂಗ್ಲಿಷ್ ಮೀಡಿಯಂ, ಟೋಫೆಲ್‌ನಲ್ಲಿ ಒಳ್ಳೆಯ ಸ್ಕೋರ್, ಇನ್ನೇನು ಕಲಿಯೋದಿದೆ ಅಂತ. ಆದರೆ ಆ ಕ್ಲಾಸಿನಲ್ಲಿ ಕಲಿಸೋದು ಗ್ರಾಮರ್ ಅಲ್ಲ. ನಿನ್ನ ವಾದ ಏನು, ಅದಕ್ಕೆ ಆಧಾರ ಏನು, ಎದುರು ವಾದಕ್ಕೆ ಏನು ಹೇಳುತ್ತೀಯ, ಬೇರೆಯವರ ಮಾತನ್ನು ಎಲ್ಲಿಂದ ತಂದೆ ಅಂತ ಹೇಗೆ ತೋರಿಸುತ್ತೀಯ, ಇದು ಪಾಠ. ಪಠ್ಯಪುಸ್ತಕದ ಸಾಲನ್ನು ಹಾಗೇ ಉತ್ತರಪತ್ರಿಕೆಗೆ ಇಳಿಸಿ ಅಂಕ ಪಡೆದ ಅಭ್ಯಾಸ ಅಲ್ಲಿ ನೇರವಾಗಿ ಕೃತಿಚೌರ್ಯ ಅನ್ನಿಸಿಕೊಳ್ಳುತ್ತದೆ. ಅದಕ್ಕೆ ಶಿಕ್ಷೆ ಕೋರ್ಸ್ ಫೇಲ್ ಆಗುವಷ್ಟು ಇರಬಹುದು. ಮೊದಲ ಸೆಮಿಸ್ಟರ್‌ನಲ್ಲಿ ಇದನ್ನು ಕಲಿತವರಿಗೆ ಲ್ಯಾಬ್ ರಿಪೋರ್ಟ್ ಸಲೀಸು. ಇದನ್ನು ಮೂರನೇ ವರ್ಷಕ್ಕೆ ತಳ್ಳಿದವರು ಎರಡು ವರ್ಷ ಲ್ಯಾಬ್ ರಿಪೋರ್ಟ್‌ನಲ್ಲಿ ಅಂಕ ಕಳೆದುಕೊಂಡು ಆಮೇಲೆ ಕಲಿಯುತ್ತಾರೆ. ಕೋರ್ ಕೋರ್ಸ್‌ಗಳನ್ನು ಯಾವಾಗ ಬೇಕಾದರೂ ಮಾಡಬಹುದು ಅಂದೆನಲ್ಲ, ಇದೊಂದು ಅದಕ್ಕೆ ಅಪವಾದ. ಮೊದಲ ಸೆಮಿಸ್ಟರ್‌ನಲ್ಲೇ ಮಾಡಲಿ. ಎರಡನೇ ಬರವಣಿಗೆ ಕೋರ್ಸ್‌ಗೆ ಟೆಕ್ನಿಕಲ್ ರೈಟಿಂಗ್ ಆಯ್ಕೆ ಇದ್ದರೆ ಅದನ್ನು ಹಿಡಿಯಲಿ. ಮುಂದೆ ಮೆಡಿಕಲ್ ಸ್ಕೂಲ್ ಅಂತಿದ್ದರೆ ಮಾತ್ರ, ಅವರು ಕೇಳುವ ಇಂಗ್ಲಿಷ್ ಕ್ರೆಡಿಟ್‌ಗೆ ಅದು ಆಗುತ್ತದಾ ಅಂತ ಮೊದಲೇ ವಿಚಾರಿಸಬೇಕು.

ಸಮಾಜ ವಿಜ್ಞಾನದ 3 ಕ್ರೆಡಿಟ್‌ಗೆ ಸೈಕಾಲಜಿ. ಯೋಚಿಸುವ ಅಗತ್ಯವೇ ಇಲ್ಲ. ಮೆಡಿಕಲ್ ಪ್ರವೇಶ ಪರೀಕ್ಷೆ ಎಂಕ್ಯಾಟ್‌ನಲ್ಲಿ 2015ರಿಂದ ಸೈಕಾಲಜಿ ಮತ್ತು ಸೋಶಿಯಾಲಜಿಗೆ ಒಂದು ಪೂರ್ತಿ ವಿಭಾಗ ಇದೆ. ಆಯ್ಕೆಯ 6ರಲ್ಲಿ ಜಾಗ ಸಿಕ್ಕರೆ ಸೋಶಿಯಾಲಜಿಯನ್ನೂ ಸೇರಿಸಬಹುದು. ಅದೇ ಪರೀಕ್ಷೆಯ ಓದಿನ ವಿಭಾಗದಲ್ಲಿ ಬರುವ ಪ್ಯಾಸೇಜ್‌ಗಳು ಪೂರ್ತಿ ಹ್ಯುಮಾನಿಟೀಸ್ ಮತ್ತು ಸಮಾಜ ವಿಜ್ಞಾನದವು. ವಿಜ್ಞಾನದ್ದು ಒಂದೂ ಇರುವುದಿಲ್ಲ. ಕೆಮಿಸ್ಟ್ರಿಯಲ್ಲಿ ಹುಲಿಯಾದವರು ಅಲ್ಲಿ ಮುಗ್ಗರಿಸುತ್ತಾರೆ. ಇತಿಹಾಸ, ಫಿಲಾಸಫಿಯ ಕ್ಲಾಸಿನಲ್ಲಿ ಉದ್ದುದ್ದ ಬರಹ ಓದಿದ ರೂಢಿ ಇದ್ದರೆ ಅದು ಅಲ್ಲಿ ನೆರವಿಗೆ ಬರುತ್ತದೆ. ಮೆಡಿಕಲ್ ಬಗ್ಗೆ ಒಂದು ಕಹಿ ಮಾತನ್ನೂ ಈಗಲೇ ಹೇಳಿಬಿಡುತ್ತೇನೆ. ಅಮೆರಿಕದ ಮೆಡಿಕಲ್ ಸ್ಕೂಲ್‌ಗಳಲ್ಲಿ ವಿದೇಶಿ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುವುದು ಕೆಲವೇ ಕೆಲವು. ಆ ದಾರಿ ಒಂದನ್ನೇ ನಂಬಿ ಇಡೀ ಪ್ಲಾನ್ ಮಾಡಬೇಡಿ.

ಭಾಷೆ-ಫಿಲಾಸಫಿ-ಸಂಸ್ಕೃತಿಯಲ್ಲಿ ನೀತಿಶಾಸ್ತ್ರದ ಕೋರ್ಸ್ ಸಿಕ್ಕರೆ ಒಳ್ಳೆಯದು, ವೈದ್ಯಕೀಯ ನೀತಿಶಾಸ್ತ್ರ ಸಿಕ್ಕರೆ ಇನ್ನೂ ಒಳ್ಳೆಯದು. ಕಲೆಯ 3 ಕ್ರೆಡಿಟ್‌ನಲ್ಲಿ ಒಂದು ಗುಟ್ಟಿದೆ. ಚಿತ್ರ ಬಿಡಿಸುವ ಸ್ಟುಡಿಯೋ ಕೋರ್ಸ್ ಹಗುರ ಅಂತ ಅನ್ನಿಸುತ್ತದೆ. ಆದರೆ ಅಂಥ ಕೋರ್ಸ್‌ಗೆ 3 ಕ್ರೆಡಿಟ್‌ಗೇ ವಾರಕ್ಕೆ 6 ಗಂಟೆ ಸ್ಟುಡಿಯೋದಲ್ಲಿ ಕೂರಿಸುವುದು ಸಾಮಾನ್ಯ. ಮ್ಯೂಸಿಕ್ ಅಪ್ರಿಸಿಯೇಷನ್‌ಗೆ ವಾರಕ್ಕೆ 3 ಗಂಟೆ ಸಾಕು. ಲ್ಯಾಬ್ ಜಾಸ್ತಿ ಇರುವ ಸೆಮಿಸ್ಟರ್‌ನಲ್ಲಿ ಸ್ಟುಡಿಯೋ ಬೇಡ. ಮಗಳಿಗೆ ನಿಜವಾಗಿ ಚಿತ್ರದಲ್ಲಿ ಆಸಕ್ತಿ ಇದ್ದರೆ ಮಾತು ಬೇರೆ. ಕೈಯಲ್ಲಿ ಗೀಚಲು ಬರುವ ಬಯಾಲಜಿಸ್ಟ್ ಕಣ್ಣಲ್ಲಿ ಜಾಸ್ತಿ ನೋಡುತ್ತಾರೆ.

ಇತಿಹಾಸ ಮತ್ತು ಸರ್ಕಾರ, ಇವೆರಡೇ ನಮ್ಮ ಕಡೆಯ ಮಕ್ಕಳಿಗೆ ನಿಜವಾಗಿ ಕಷ್ಟ. ಪಕ್ಕದಲ್ಲಿ ಕೂತ ಅಮೆರಿಕನ್ ಹುಡುಗ ಇದನ್ನೆಲ್ಲ ಹೈಸ್ಕೂಲಿನಲ್ಲಿ ಒಂದು ಸಲ ಕೇಳಿರುತ್ತಾನೆ. ನಮ್ಮವರಿಗೆ ರಿಕನ್‌ಸ್ಟ್ರಕ್ಷನ್ (ಅಮೆರಿಕದ ಅಂತರ್ಯುದ್ಧದ ನಂತರದ ಪುನರ್ನಿರ್ಮಾಣದ ಕಾಲ) ಅಂದರೇನು ಅಂತಲೂ ಗೊತ್ತಿರುವುದಿಲ್ಲ. ಓದಬೇಕಾದ ಪುಟಗಳೂ ಜಾಸ್ತಿ. ಹಾಗಾಗಿ ಒಂದೇ ಸೆಮಿಸ್ಟರ್‌ನಲ್ಲಿ ಎರಡನ್ನೂ ಇಟ್ಟುಕೊಳ್ಳಬಾರದು. ಆರ್ಗ್ಯಾನಿಕ್ ಕೆಮಿಸ್ಟ್ರಿ ಇರುವಾಗ ಒಂದು ಸಾಕು. ಆದರೆ ಸರ್ಕಾರದ ಪಾಠ ನೀರಸ ಅಂತ ಮೊದಲೇ ತೀರ್ಮಾನ ಮಾಡಬೇಡಿ. ಟೆಕ್ಸಸ್‌ನ ಈಗಿನ ಸಂವಿಧಾನ 1876ರದ್ದು. ಅದಕ್ಕೆ 500ಕ್ಕೂ ಹೆಚ್ಚು ತಿದ್ದುಪಡಿ ಆಗಿದೆ. ಅಲ್ಲಿನ ಶಾಸನಸಭೆಯ ನಿಯಮಿತ ಅಧಿವೇಶನ ಎರಡು ವರ್ಷಕ್ಕೆ ಒಮ್ಮೆ ಮಾತ್ರ, ಬೆಸ ವರ್ಷಗಳಲ್ಲಿ, 140 ದಿನ. ಇಷ್ಟು ದೊಡ್ಡ ರಾಜ್ಯ ಹೀಗೆ ಹೇಗೆ ನಡೆಯುತ್ತದೆ ಅನ್ನೋ ಕುತೂಹಲ ಹುಟ್ಟಿದರೆ ಓದು ಸುಲಭ. ಮತ್ತೆ, ನಾಲ್ಕು ವರ್ಷ ಬದುಕುವ ಊರಿನ ಕಾನೂನು ಯಾರು ಮಾಡುತ್ತಾರೆ ಅಂತ ಗೊತ್ತಿರೋದು ನಷ್ಟ ಏನಲ್ಲ ಅಲ್ವಾ?

ಹನ್ನೆರಡನೇ ಕ್ಲಾಸಿನ ಅಂಕದ ವಿಷಯಕ್ಕೆ ಬರೋಣ. ಪಿಯುಸಿ ಅಥವಾ ಸಿಬಿಎಸ್‌ಇ ಅಂಕಪಟ್ಟಿಗೆ ಹೆಚ್ಚಿನ ಕಡೆ ಕೋರ್ ಕ್ರೆಡಿಟ್ ಸಿಗುವುದಿಲ್ಲ. ಅದನ್ನು ಹೈಸ್ಕೂಲ್ ಅಂತಲೇ ಲೆಕ್ಕ ಹಾಕುತ್ತಾರೆ. ಎಪಿ, ಐಬಿ, ಎ ಲೆವೆಲ್ ಪರೀಕ್ಷೆ ಬರೆದಿದ್ದರೆ ಬೇರೆ ಮಾತು, ಆ ಸ್ಕೋರ್ ತಕ್ಷಣ ಕಳಿಸಿ. ಅಂಕಪಟ್ಟಿ ಇನ್ನೊಂದು ಕಡೆ ಕೆಲಸಕ್ಕೆ ಬರಬಹುದು. ಕೆಲವು ಯೂನಿವರ್ಸಿಟಿಗಳು ಹೈಸ್ಕೂಲಿನಲ್ಲಿ ಎರಡು ವರ್ಷ ಇಂಗ್ಲಿಷ್ ಅಲ್ಲದ ಭಾಷೆ ಓದಿರಬೇಕು ಅನ್ನುತ್ತವೆ. ಕನ್ನಡ, ಹಿಂದಿ, ಸಂಸ್ಕೃತ ಯಾವುದು ಓದಿದ್ದರೂ ಅಡ್ವೈಸರ್‌ಗೆ ತೋರಿಸಿ ಕೇಳಲಿ. ಕೇಳದೆ ಸ್ಪ್ಯಾನಿಷ್ ಕ್ಲಾಸಿಗೆ ಸೇರುವುದು ಬೇಡ.

ಬಿಡಿಸಿಕೊಳ್ಳೋಕೆ ಇನ್ನೊಂದು ದಾರಿ ಕ್ಲೆಪ್ ಅನ್ನೋ ಪರೀಕ್ಷೆ. ಸ್ಯಾಟ್ ನಡೆಸುವ ಕಾಲೇಜ್ ಬೋರ್ಡ್ ಅನ್ನೋ ಸಂಸ್ಥೆಯೇ ಇದನ್ನೂ ನಡೆಸುತ್ತದೆ. ಅಮೆರಿಕದ ಇತಿಹಾಸದ ಎರಡು ಭಾಗ, ಅಮೆರಿಕನ್ ಗವರ್ನಮೆಂಟ್, ಸೈಕಾಲಜಿ ಇವಕ್ಕೆಲ್ಲ ಪರೀಕ್ಷೆ ಇದೆ. 90 ನಿಮಿಷದ ಒಂದು ಪರೀಕ್ಷೆ ಪಾಸಾದರೆ ಒಂದು ಕೋರ್ಸ್‌ನ ಫೀಸು, ಒಂದು ಸೆಮಿಸ್ಟರ್‌ನ ಓದು ಉಳಿಯಿತು. ರಜೆಯಲ್ಲಿ ಕೂತು ಓದಿ ಬರೆಯುವ ಛಲ ಇರುವವರಿಗೆ ಹೇಳಿ ಮಾಡಿಸಿದ್ದು. ಆದರೆ ಗವರ್ನಮೆಂಟ್ ಪರೀಕ್ಷೆಯಲ್ಲಿ ಟೆಕ್ಸಸ್ ಸಂವಿಧಾನದ ಭಾಗ ಇಲ್ಲ. ರಾಜ್ಯದ ಭಾಗಕ್ಕೆ ಬೇರೆಯೇ ಕೋರ್ಸ್ ಅಥವಾ ಪರೀಕ್ಷೆ ಬೇಕಾಗಬಹುದು. ಮೆಡಿಕಲ್‌ಗೆ ಹೋಗುವವರು ಇಂಗ್ಲಿಷ್ ಮತ್ತು ವಿಜ್ಞಾನವನ್ನು ಕ್ಲೆಪ್‌ನಲ್ಲಿ ಬಿಡಿಸಿಕೊಳ್ಳದೇ ಇರೋದು ಕ್ಷೇಮ. ಎಲ್ಲ ಮೆಡಿಕಲ್ ಸ್ಕೂಲ್‌ಗಳೂ ಅದನ್ನು ಒಪ್ಪುವುದಿಲ್ಲ.

ಕಮ್ಯೂನಿಟಿ ಕಾಲೇಜಿನಲ್ಲಿ ಅಗ್ಗ ಅನ್ನೋದು ನಿಜ. ಹಿಸ್ಟರಿ 1301, 1302, ಗವರ್ನಮೆಂಟ್ 2305, 2306 ಇಂಥವನ್ನು ಬೇಸಿಗೆಯಲ್ಲಿ ಅಲ್ಲಿ ಮಾಡುವುದಕ್ಕೆ ನನ್ನ ಪೂರ್ತಿ ಒಪ್ಪಿಗೆ. ಎಫ್-1ನವರು ಬೇಸಿಗೆ ರಜೆಯಲ್ಲಿ ಪೂರ್ಣ ಲೋಡ್ ತೆಗೆದುಕೊಳ್ಳಬೇಕಾದ ಅಗತ್ಯ ಇರುವುದಿಲ್ಲ, ಹಾಗಾಗಿ ಒಂದೋ ಎರಡೋ ಕೋರ್ಸ್ ಮಾಡಬಹುದು. ಫಾಲ್ ಅಥವಾ ಸ್ಪ್ರಿಂಗ್‌ನಲ್ಲಿ ಎರಡು ಕಡೆ ಒಟ್ಟಿಗೆ ಓದುವ ಯೋಚನೆ ಇದ್ದರೆ ಯೂನಿವರ್ಸಿಟಿಯ ವೀಸಾ ಅಧಿಕಾರಿಯನ್ನು, ಅಂದರೆ ಡಿಎಸ್‌ಒ ಅನ್ನು, ಮೊದಲು ಕೇಳಲೇಬೇಕು. ಕೆಮಿಸ್ಟ್ರಿ, ಬಯಾಲಜಿಯನ್ನು ಮಾತ್ರ ಹೊರಗೆ ಮಾಡುವುದು ಬೇಡ. ಮುಂದಿನ ಕೋರ್ಸ್‌ಗೆ ಬೇಕಾದ ತಳಪಾಯ ಅದು. ಅದನ್ನು ತನ್ನ ಯೂನಿವರ್ಸಿಟಿಯ ಮೇಷ್ಟ್ರ ಹತ್ತಿರವೇ ಕಲಿಯಬೇಕು. ಮುಂದೆ ಶಿಫಾರಸು ಪತ್ರ ಬರೆಯೋದೂ ಅವರೇ ತಾನೆ.

ಕಮ್ಯೂನಿಟಿ ಕಾಲೇಜಿನಲ್ಲಿ ತೆಗೆದ ಗ್ರೇಡ್ ಸಾಮಾನ್ಯವಾಗಿ ಯೂನಿವರ್ಸಿಟಿಯ ಜಿಪಿಎಗೆ ಸೇರುವುದಿಲ್ಲ, ಕ್ರೆಡಿಟ್ ಮಾತ್ರ ಬರುತ್ತದೆ. ಇದನ್ನು ಕೇಳಿ ಅಲ್ಲಿ ಹೇಗೆ ಓದಿದರೂ ನಡೆಯುತ್ತದೆ ಅಂತ ಕೆಲವರು ತಿಳಿಯುತ್ತಾರೆ. ಮೆಡಿಕಲ್ ಸ್ಕೂಲ್ ಅರ್ಜಿಯಲ್ಲಿ ಓದಿದ ಪ್ರತಿ ಕಾಲೇಜಿನ ಗ್ರೇಡ್ ಕೂಡಿಸಿಯೇ ಲೆಕ್ಕ ಹಾಕುತ್ತಾರೆ. ಬಚ್ಚಿಡೋಕೆ ಆಗುವುದಿಲ್ಲ. ಇನ್ನೂ ಒಂದು ಮಿತಿ ಇದೆ. ಡಿಗ್ರಿ ಕೊಡುವ ಕಾಲೇಜಿನಲ್ಲೇ ಕನಿಷ್ಠ ಕಾಲು ಭಾಗ ಕ್ರೆಡಿಟ್ ಓದಿರಬೇಕು, 120ರಲ್ಲಿ 30. ಜೊತೆಗೆ ಮೂರನೇ, ನಾಲ್ಕನೇ ವರ್ಷದ ಮಟ್ಟದ ಕೋರ್ಸ್‌ಗಳು ಇಷ್ಟು ಬೇಕು ಅಂತಲೂ ಇರುತ್ತದೆ. ಕಮ್ಯೂನಿಟಿ ಕಾಲೇಜಿನ ಕೋರ್ಸ್ ಎಷ್ಟು ಪೇರಿಸಿದರೂ ಆ ಲೆಕ್ಕ ತುಂಬುವುದಿಲ್ಲ.

ವೀಸಾದ ಲೆಕ್ಕ ಸ್ವಲ್ಪ ಬಿಡಿಸಿ ಹೇಳಬೇಕು, ಎಡವೋದು ಇಲ್ಲೇ. ಎಫ್-1ನವರು ಪ್ರತಿ ಸೆಮಿಸ್ಟರ್ ಕನಿಷ್ಠ 12 ಕ್ರೆಡಿಟ್ ಇಟ್ಟುಕೊಳ್ಳಬೇಕು. ಆ 12ರಲ್ಲಿ ಆನ್‌ಲೈನ್ ಕೋರ್ಸ್ ಒಂದು ಮಾತ್ರ, 3 ಕ್ರೆಡಿಟ್‌ವರೆಗೆ, ಲೆಕ್ಕಕ್ಕೆ ಬರುತ್ತದೆ. ಕೋರ್ ಕೋರ್ಸ್‌ಗಳು ಆನ್‌ಲೈನ್‌ನಲ್ಲಿ ಹೇರಳವಾಗಿ ಸಿಗುತ್ತವೆ. ಬೆಳಿಗ್ಗೆ ಏಳೋದು ತಪ್ಪುತ್ತದೆ ಅಂತ ಎರಡು ಮೂರು ಆನ್‌ಲೈನ್ ಸೇರಿಸಿಕೊಂಡು, ಕ್ಲಾಸಿನಲ್ಲಿ ಕೂರುವ ಕ್ರೆಡಿಟ್ 9ಕ್ಕಿಂತ ಕೆಳಗೆ ಬಂದರೆ ತೊಂದರೆ. ಇನ್ನು 12 ಅನ್ನೋದು ವೀಸಾದ ಕನಿಷ್ಠ, ಡಿಗ್ರಿಯ ವೇಗ ಅಲ್ಲ. 12ನ್ನು ಎಂಟು ಸಲ ಮಾಡಿದರೆ 96. ಡಿಗ್ರಿಗೆ ಬೇಕಾದ್ದು 120. ಇಪ್ಪತ್ತನಾಲ್ಕು ಕ್ರೆಡಿಟ್ ಬಾಕಿ, ಅಂದರೆ ಅದೇ ವೇಗದಲ್ಲಿ ಇನ್ನೊಂದು ವರ್ಷ. ಹದಿನಾಲ್ಕು, ಹದಿನೈದು ಇಟ್ಟುಕೊಂಡು, ಉಳಿದದ್ದನ್ನು ಬೇಸಿಗೆಯಲ್ಲಿ ಒಂದೆರಡು ಕೋರ್ಸ್ ಮಾಡಿ ತುಂಬಿಸಿಕೊಂಡರೆ ಸರಿಹೋಗುತ್ತದೆ.

ಹದಿನೈದು ಅಂದರೆ ಎಷ್ಟು ಕೆಲಸ? ಫೆಡರಲ್ ನಿಯಮದ ಪ್ರಕಾರ ಒಂದು ಕ್ರೆಡಿಟ್ ಅಂದರೆ ವಾರಕ್ಕೆ ಒಂದು ಗಂಟೆ ಕ್ಲಾಸು, ಹೊರಗೆ ಕನಿಷ್ಠ ಎರಡು ಗಂಟೆ ಓದು. 15ಕ್ಕೆ ವಾರಕ್ಕೆ 45 ಗಂಟೆ. ಲ್ಯಾಬ್ ಇದ್ದರೆ ಅದಕ್ಕಿಂತ ಜಾಸ್ತಿ ಆದೀತೇ ಹೊರತು ಕಡಿಮೆ ಆಗದು. ಮೊದಲ ಸೆಮಿಸ್ಟರ್‌ಗೆ ಜನರಲ್ ಕೆಮಿಸ್ಟ್ರಿ 4, ಬಯಾಲಜಿ 4, ಗಣಿತ 3, ಇಂಗ್ಲಿಷ್ 3, ಒಟ್ಟು 14 ಇದ್ದರೆ ಸಾಕು. ಬರೀ ಕೋರ್‌ಗಾಗಿಯೇ ಓದುವ ಕೋರ್ಸ್ ಅದರಲ್ಲಿ ಒಂದೇ.

ಸರಿಯಾಗಿ 12 ಇಟ್ಟುಕೊಂಡವರಿಗೆ ಇನ್ನೊಂದು ಅಪಾಯ. ಹಿಸ್ಟರಿ ಕಷ್ಟ ಅಂತ ಮಧ್ಯದಲ್ಲಿ ಬಿಟ್ಟರೆ 9ಕ್ಕೆ ಇಳಿಯುತ್ತಾರೆ. ಡಿಎಸ್‌ಒ ಅನುಮತಿ ಇಲ್ಲದೆ ಹಾಗೆ ಇಳಿದರೆ ವೀಸಾ ಸ್ಥಿತಿಗೇ ಕುತ್ತು. ಟೆಕ್ಸಸ್‌ನಲ್ಲಿ ಇದರ ಮೇಲೆ ಆರು ಕೋರ್ಸ್‌ಗಳ ಮಿತಿಯೂ ಇದೆ. 2007ರ ಫಾಲ್‌ನಿಂದ ಸೇರಿದವರು ಡಿಗ್ರಿ ಮುಗಿಸುವ ಒಳಗೆ ಒಟ್ಟು ಆರು ಕೋರ್ಸ್ ಮಾತ್ರ ಬಿಡಬಹುದು. ಬೇರೆ ಸರ್ಕಾರಿ ಕಾಲೇಜಿನಲ್ಲಿ ಬಿಟ್ಟದ್ದೂ ಅದರಲ್ಲೇ ಸೇರುತ್ತದೆ. ಆ ಅವಕಾಶವನ್ನು ಸಂಗೀತದ ಕ್ಲಾಸಿಗೆ ಖರ್ಚು ಮಾಡಬಾರದು. ಆರ್ಗ್ಯಾನಿಕ್‌ಗೆ ಬೇಕಾದೀತು.

ಕೊನೆಯ ಸೆಮಿಸ್ಟರ್‌ಗೆ ಅಂತ ಒಂದೆರಡು ಕೋರ್ ಕೋರ್ಸ್ ಉಳಿಸಿಕೊಂಡರೆ ಅನುಕೂಲ. ಆಗ ಗ್ರಾಜುಯೇಟ್ ಸ್ಕೂಲ್ ಅಥವಾ ಕೆಲಸದ ಅರ್ಜಿಗಳ ಗಡಿಬಿಡಿ ಇರುತ್ತದೆ, ಲ್ಯಾಬ್ ರಿಸರ್ಚ್ ಇರುತ್ತದೆ. ಡಿಗ್ರಿಗೆ ಬೇಕಾದ್ದು ಅಷ್ಟೇ ಉಳಿದಿದ್ದರೆ ಆ ಸೆಮಿಸ್ಟರ್‌ನಲ್ಲಿ 12ಕ್ಕಿಂತ ಕಡಿಮೆ ತೆಗೆದುಕೊಳ್ಳಲು ಡಿಎಸ್‌ಒ ಅನುಮತಿ ಕೊಡಬಹುದು. ಆದರೆ ಉಳಿದಿರೋದು ಒಂದೇ ಕೋರ್ಸ್ ಆದರೆ ಅದು ಆನ್‌ಲೈನ್ ಆಗಿರಬಾರದು, ಕ್ಲಾಸಿಗೆ ಹೋಗಿ ಕೂರಬೇಕು.

ಈಗ ಮಗಳು ಮಾಡಬೇಕಾದ ಕೆಲಸ ಇಷ್ಟು. ಯೂನಿವರ್ಸಿಟಿಯ ವಿದ್ಯಾರ್ಥಿ ಪೋರ್ಟಲ್‌ನಲ್ಲಿ ಡಿಗ್ರಿ ಆಡಿಟ್ ಅಂತ ಒಂದು ಪುಟ ಇರುತ್ತದೆ. ಯಾವ ಕೋರ್ಸ್ ಯಾವ ಖಾನೆಗೆ ಬಿತ್ತು, ಏನು ಬಾಕಿ ಅಂತ ಅಲ್ಲಿ ಕಾಣುತ್ತದೆ. ಅದನ್ನು ತೆಗೆದುಕೊಂಡು ಅಡ್ವೈಸರ್ ಹತ್ತಿರ ಹೋಗಿ ಮೂರು ಪ್ರಶ್ನೆ ಕೇಳಲಿ. ಆಯ್ಕೆಯ 6 ಕ್ರೆಡಿಟ್‌ಗೆ ನನ್ನ ಮೇಜರ್‌ನ ಯಾವ ಕೋರ್ಸ್ ಆಗುತ್ತದೆ? ಗಣಿತದಲ್ಲಿ ಕ್ಯಾಲ್ಕುಲಸ್ ಬೇಕಾ, ಸ್ಟ್ಯಾಟಿಸ್ಟಿಕ್ಸ್ ಬೇಕಾ, ಎರಡೂ ಬೇಕಾ? ನಾನು ಟಿಎಸ್‌ಐ, ಅಂದರೆ ಕಾಲೇಜು ಮಟ್ಟದ ಓದಿಗೆ ಸಿದ್ಧಳಾ ಅಂತ ನೋಡುವ ಟೆಕ್ಸಸ್‌ನ ಪ್ಲೇಸ್‌ಮೆಂಟ್ ಪರೀಕ್ಷೆ, ಬರೆಯಬೇಕಾ, ಅಥವಾ ನನ್ನ ಸ್ಯಾಟ್ ಸ್ಕೋರ್ ಸಾಕಾ? ಮೂರನೆಯದನ್ನು ಮರೆತರೆ ಗಣಿತ ಅಥವಾ ಇಂಗ್ಲಿಷ್‌ಗೆ ರಿಜಿಸ್ಟರ್ ಆಗುವಾಗ ಸಿಸ್ಟಮ್ ತಡೆಯುತ್ತದೆ. ಗಣಿತ ತಡವಾದರೆ ಜನರಲ್ ಕೆಮಿಸ್ಟ್ರಿಯೂ ಅದರ ಜೊತೆ ತಡವಾಗಬಹುದು. ಅಡ್ವೈಸರ್ ಬಾಯಲ್ಲಿ ಹೇಳಿದ ಉತ್ತರವನ್ನು ಇಮೇಲ್‌ನಲ್ಲಿ ಬರೆಸಿಕೊಳ್ಳಲಿ. ಅಡ್ವೈಸರ್‌ಗಳು ಬದಲಾಗುತ್ತಾರೆ, ಇಮೇಲ್ ಉಳಿಯುತ್ತದೆ. ಕಮ್ಯೂನಿಟಿ ಕಾಲೇಜಿನ ಯಾವುದೇ ಕೋರ್ಸ್‌ಗೆ ಹಣ ಕಟ್ಟುವ ಮೊದಲೂ ಇದೇ ರೀತಿ, ಈ ನಂಬರಿನ ಕೋರ್ಸ್ ನನ್ನ ಆಡಿಟ್‌ನಲ್ಲಿ ಯಾವ ಖಾನೆಗೆ ಬೀಳುತ್ತದೆ ಅಂತ ಬರಹದಲ್ಲಿ ಕೇಳಿಕೊಳ್ಳಬೇಕು.